ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್: ಹಳೆ ಕಂಪ್ಯೂಟರ್‌ಗೆ ಹೇಳಿ ಮಾಡಿಸಿದ್ದು, ಆ ವಾಲ್ಯೂಮ್ ಐಕಾನ್ ಒಂದು ಬಿಟ್ಟು

ಎಕ್ಸ್‌ಎಫ್‌ಸಿಇ ಅಂದರೆ ಲಿನಕ್ಸ್ ಕಂಪ್ಯೂಟರ್‌ನ ಪರದೆ ಮೇಲೆ ಮೆನು, ಪಟ್ಟಿ, ಐಕಾನ್ ಎಲ್ಲ ತೋರಿಸುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದು ಸ್ಟಾರ್ ಪೂರ್ತಿ ಕಳೆದಿದ್ದು ಪರದೆಯ ಮೂಲೆಯಲ್ಲಿರುವ ಆ ಪುಟ್ಟ ಸ್ಪೀಕರ್ ಚಿತ್ರಕ್ಕೆ. ಇಷ್ಟು ಚೆನ್ನಾಗಿರುವ ಡೆಸ್ಕ್‌ಟಾಪ್‌ನಲ್ಲಿ ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ತಲೆ ತಿನ್ನಿಸಿಕೊಳ್ಳಬೇಕಾ ಅಂತ ನನಗೆ ಈಗಲೂ ಅನ್ನಿಸುತ್ತದೆ.

ತುಮಕೂರಿನ ಎಸ್.ಎಸ್. ಪುರಂ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡ್ ಮೇಲೆ ಜೆರಾಕ್ಸ್ ಅಂತಿದ್ದರೂ ಅರ್ಜಿ ತುಂಬುವುದು, ಡಿಟಿಪಿ, ಲ್ಯಾಮಿನೇಷನ್, ಪೆನ್‌ಡ್ರೈವ್‌ಗೆ ಹಾಡು ಹಾಕಿಕೊಡುವುದು, ಎಲ್ಲ ಇಲ್ಲೇ. ಅಂಗಡಿಯ ಕಂಪ್ಯೂಟರ್ ಮೂರನೇ ಜನರೇಷನ್ ಐ3, 4 ಜಿಬಿ ರ್‍ಯಾಮ್. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಷನ್‌ನಿಂದ ಈಚಿನದು ಬೇಕು. ಓಡುತ್ತಿರುವ ಮೆಷಿನ್ ಎಸೆದು ಹೊಸದು ತರುವಷ್ಟು ಲಾಭ ಜೆರಾಕ್ಸ್‌ನಲ್ಲಿ ಎಲ್ಲಿದೆ ಹೇಳಿ. ಹಾಗಾಗಿ ವಿಂಡೋಸ್ ಬದಲು ಉಬುಂಟು ಆಧಾರದ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ ಅದರ ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇಟ್ಟುಕೊಂಡೆ.

ಡೆಸ್ಕ್‌ಟಾಪ್ ಬಗ್ಗೆ ಒಳ್ಳೆ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಒಳ್ಳೆಯದರ ಬಗ್ಗೆ ಬರೆಯಲು ಜಾಸ್ತಿ ಇರುವುದಿಲ್ಲ. ಹಗುರ. ಕೆಳಗೆ ಒಂದು ಪಟ್ಟಿ, ಮೂಲೆಯಲ್ಲಿ ಮೆನು, ಇನ್ನೊಂದು ಮೂಲೆಯಲ್ಲಿ ಗಡಿಯಾರ, ಹಳೆ ವಿಂಡೋಸ್ ನೋಡಿದವರಿಗೆ ಏನೂ ಹೊಸದಾಗಿ ಕಲಿಯುವುದಿಲ್ಲ. 1996ರಲ್ಲಿ ಒಲಿವಿಯೆ ಫೋರ್ಡಾನ್ ಅನ್ನುವವರು ಶುರು ಮಾಡಿದ್ದು, ಲೋಗೋದಲ್ಲಿ ಒಂದು ಇಲಿ ಇದೆ. ಹೊಸ ಆವೃತ್ತಿ ಬರುವುದು ನಿಧಾನ. 4.12 ಬಂದಿದ್ದು 2015ರಲ್ಲಿ, ಅದರ ಮುಂದಿನ 4.14 ಬರಲು 2019 ಆಯಿತು. ಆಮೇಲೆ 4.16, 4.18, 4.20 ಎರಡೆರಡು ವರ್ಷಕ್ಕೆ ಒಂದರಂತೆ 2020, 2022, 2024ರ ಡಿಸೆಂಬರ್‌ಗಳಲ್ಲಿ ಬಂದವು. ಕೆಲವರು ಇದನ್ನು ಬೈಯುತ್ತಾರೆ. ನನಗಂತೂ ಇದೇ ಇಷ್ಟ. ಬೆಳಗ್ಗೆ ಶಟರ್ ಎತ್ತಿದಾಗ ಬಟನ್‌ಗಳು ನಿನ್ನೆ ಇದ್ದ ಜಾಗದಲ್ಲೇ ಇರಬೇಕು, ಅಷ್ಟೇ. ಕನ್ನಡ ಟೈಪಿಂಗ್‌ಗೂ ತೊಂದರೆ ಇಲ್ಲ, ಗುಬ್ಬಿ, ನವಿಲು ಫಾಂಟ್‌ಗಳು ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ.

ಜೆರಾಕ್ಸ್ ಅಂಗಡಿಗೆ ಸೌಂಡ್ ಯಾಕೆ ಅಂತ ಕೇಳಬಹುದು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇನ್ನೂ ಜೋರಾಗಿ ನಡೆಯುತ್ತದೆ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರುಗಳು ಪ್ರಾಕ್ಟೀಸ್ ರೆಕಾರ್ಡಿಂಗ್ ತರುತ್ತಾರೆ. ದುರ್ಯೋಧನನ ಹಾಡು ಒಂದು ಫೈಲ್, ಕರ್ಣನದು ಇನ್ನೊಂದು ಫೈಲ್, ಹೀಗೆ ಕತ್ತರಿಸಿ ಒಬ್ಬೊಬ್ಬ ಪಾತ್ರಧಾರಿಯ ಮೊಬೈಲ್‌ಗೂ ಹಾಕಿಕೊಡಬೇಕು. ಕೇಳದೆ ಕತ್ತರಿಸಲು ಆಗುತ್ತದಾ? ಅದರ ಜೊತೆಗೆ ಮನೆಯಲ್ಲಿ ನೆಟ್ ಸರಿಯಿಲ್ಲದ ಹುಡುಗರು ಆನ್‌ಲೈನ್ ಇಂಟರ್‌ವ್ಯೂಗೆ ನನ್ನ ಅಂಗಡಿಗೇ ಬಂದು ಕೂರುತ್ತಾರೆ. ಒಳಗಿನ ಚಿಕ್ಕ ಕೋಣೆಯನ್ನು ಅದಕ್ಕೇ ಖಾಲಿ ಬಿಟ್ಟಿದ್ದೇನೆ.

ತೊಂದರೆ ಶುರುವಾಗಿದ್ದು ಹೀಗೆ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಕೂಗಿದಳು, "ಅಣ್ಣಾ, ಸ್ಪೀಕರ್ ಮೇಲೆ ಅಡ್ಡಗೀಟು ಬಿದ್ದಿದೆ, ಒತ್ತಿದರೂ ಹೋಗ್ತಿಲ್ಲ." ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. "ಏನಪ್ಪಾ, ನಮ್ಮ ಕರ್ಣನಿಗೆ ಗಂಟಲು ಕಟ್ಟಿಕೊಂಡ್ತಾ?" ಅಂದರು. ಹಾಡು ಹಾಕಿ ನೋಡಿದರೆ ಸೌಂಡ್ ಬರುತ್ತಿದೆ! ಐಕಾನ್ ಮಾತ್ರ ಮ್ಯೂಟ್ ಅಂತ ತೋರಿಸುತ್ತಿದೆ. ಕ್ಲಿಕ್ ಮಾಡಿದರೆ ಸ್ಲೈಡರ್ ಕೈಗೆ ಬರುವುದಿಲ್ಲ, ಕೀಬೋರ್ಡ್‌ನ ವಾಲ್ಯೂಮ್ ಕೀ ಒತ್ತಿದರೂ ಏನೂ ಆಗುವುದಿಲ್ಲ. ಹಳೆ ಬೈಕಿನ ಪೆಟ್ರೋಲ್ ಮುಳ್ಳಿನ ಕಥೆ ಇದು, ಟ್ಯಾಂಕ್‌ನಲ್ಲಿ ಎಣ್ಣೆ ಇದೆ, ಮುಳ್ಳು ಸೊನ್ನೆಯಲ್ಲಿ ಅಂಟಿಕೊಂಡಿದೆ.

ಊರಲ್ಲೇ ಒಂದು ರಿಪೇರಿ ಅಂಗಡಿಗೆ ತೋರಿಸಿದೆ. ಅವರು ಅಡ್ಡಗೀಟು ನೋಡಿದ್ದೇ ತಡ, "ಮದರ್‌ಬೋರ್ಡ್ ಸೌಂಡ್ ಹೋಗಿದೆ ಸರ್, ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿಸಿ, ಇಲ್ಲಾಂದ್ರೆ ವಿಂಡೋಸ್ ಹಾಕಿಸಿ" ಅಂದರು. ಸೌಂಡ್ ಬರುತ್ತಿದೆಯಲ್ಲಾ ಸ್ವಾಮಿ ಅಂದರೆ, "ಇವತ್ತು ಬರುತ್ತೆ, ನಾಳೆ ಹೋಗುತ್ತೆ" ಅಂದರು. ಈ ಉತ್ತರ ಕೇಳಿ ಸಿಪಿಯು ಹೆಗಲ ಮೇಲೆ ಹೊತ್ತು ವಾಪಸ್ ಬಂದೆ. ಹಾರ್ಡ್‌ವೇರ್ ಹೋಗಿದೆಯಾ ಇಲ್ಲವಾ ಅಂತ ತಿಳಿಯಲು ಕಾಸು ಖರ್ಚಿಲ್ಲದ ದಾರಿ ಇದೆ. ಲಿನಕ್ಸ್ ಇನ್‌ಸ್ಟಾಲ್ ಮಾಡಿದ ಅದೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ಲೈವ್ ಆಗಿ ಓಡಿಸಿ ಹಾಡು ಹಾಕಿ. ಅಲ್ಲಿ ಸೌಂಡೂ ಐಕಾನೂ ಎರಡೂ ಸರಿ ಇದ್ದರೆ ಚಿಪ್ ಗಟ್ಟಿಯಾಗಿದೆ ಅಂತಲೇ ಅರ್ಥ. ರಿಪೇರಿಯವರಿಗೆ ಇದು ಗೊತ್ತಿರಬೇಕಿತ್ತು.

ಈಗ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ತಳದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಆಲ್ಸಾ ಇದೆ, ಸೌಂಡ್ ಚಿಪ್ ಜೊತೆ ನೇರವಾಗಿ ಮಾತಾಡುವುದು ಅದೇ. ಅದರ ಮೇಲೆ ಒಂದು ಸೌಂಡ್ ಸರ್ವರ್ ಕೂತಿರುತ್ತದೆ. ಬ್ರೌಸರ್‌ದು, ಪ್ಲೇಯರ್‌ದು, ಎಲ್ಲರ ಸದ್ದನ್ನೂ ಕಲಸಿ ಕೆಳಗೆ ಕಳಿಸುವುದು ಅದರ ಕೆಲಸ. ಮುಂಚೆ ಈ ಜಾಗದಲ್ಲಿ ಪಲ್ಸ್‌ಆಡಿಯೊ ಇರುತ್ತಿತ್ತು. ಈಗ ಹೆಚ್ಚಿನ ಕಡೆ ಪೈಪ್‌ವೈರ್ ಬಂದಿದೆ. ಫೆಡೋರಾ 2021ರಲ್ಲೇ ಬದಲಾಯಿತು, ಉಬುಂಟು 2022ರ ಅಕ್ಟೋಬರ್‌ನ 22.10ರಲ್ಲಿ. ಯಾವ ಸದ್ದು ಯಾವ ಸ್ಪೀಕರ್‌ಗೆ ಹೋಗಬೇಕು ಅಂತ ತೀರ್ಮಾನ ಮಾಡಲು ವೈರ್‌ಪ್ಲಂಬರ್ ಅಂತ ಇನ್ನೊಬ್ಬ ಇದ್ದಾನೆ. ನಾವು ನೋಡುವ ಐಕಾನ್ ಇದ್ಯಾವುದರ ಭಾಗವೂ ಅಲ್ಲ. ಅದು ಎಕ್ಸ್‌ಎಫ್‌ಸಿಇ ಪಟ್ಟಿಯ ಮೇಲೆ ಕೂತ ಬೇರೆಯೇ ಒಂದು ಪ್ಲಗಿನ್, ಅಂದರೆ ಪಟ್ಟಿಗೆ ಸಿಕ್ಕಿಸುವ ಪುಟ್ಟ ಪ್ರೋಗ್ರಾಂ. ಸರ್ವರ್‌ಗೆ ಫೋನ್ ಮಾಡಿ "ಈಗ ಎಷ್ಟಿದೆ" ಅಂತ ಕೇಳಿ ತೋರಿಸುತ್ತದೆ, ಅಷ್ಟೇ. ಲೈನ್ ಕಟ್ಟಾದರೆ ಹಾಡು ನಿಲ್ಲುವುದಿಲ್ಲ, ತೋರಿಸುವುದು ಮಾತ್ರ ನಿಲ್ಲುತ್ತದೆ.

ಇಲ್ಲೊಂದು ಗೊಂದಲ ಇದೆ. ಆ ಪ್ಲಗಿನ್ ಹೆಸರು ಇವತ್ತಿಗೂ ಪಲ್ಸ್‌ಆಡಿಯೊ ಪ್ಲಗಿನ್. ನನ್ನ ಮೆಷಿನ್‌ನಲ್ಲಿ ಓಡುತ್ತಿರುವುದು ಪೈಪ್‌ವೈರ್. ಆದರೂ ಇದು ಕೆಲಸ ಮಾಡುತ್ತದೆ, ಯಾಕೆಂದರೆ ಪೈಪ್‌ವೈರ್ ಒಳಗೆ ಹಳೆ ಪಲ್ಸ್‌ಆಡಿಯೊ ಭಾಷೆಯನ್ನೇ ಮಾತಾಡುವ ಒಂದು ಸೇವೆ ಇದೆ, ಪೈಪ್‌ವೈರ್-ಪಲ್ಸ್ ಅಂತ. ಇದು ಗೊತ್ತಿಲ್ಲದೆ ನೆಟ್‌ನಲ್ಲಿ ಹುಡುಕಿದರೆ ಹತ್ತು ವರ್ಷ ಹಿಂದಿನ ಸಲಹೆಗಳು ಸಿಗುತ್ತವೆ, ಪಲ್ಸ್‌ಆಡಿಯೊ ಕೊಂದು ಮತ್ತೆ ಎಬ್ಬಿಸಿ ಅಂತ. ಪೈಪ್‌ವೈರ್ ಇರುವ ಮೆಷಿನ್‌ನಲ್ಲಿ ಕೊಲ್ಲಲು ಪಲ್ಸ್‌ಆಡಿಯೊನೇ ಇರುವುದಿಲ್ಲ! ಕೆಲವರು ಹಠ ಹಿಡಿದು ಅದನ್ನು ಇನ್‌ಸ್ಟಾಲ್ ಮಾಡುತ್ತಾರೆ, ಆಮೇಲೆ ಎರಡೂ ಸರ್ವರ್‌ಗಳು ಒಂದೇ ಚಿಪ್‌ಗೆ ಜಗಳ ಆಡುತ್ತವೆ. ಅದಕ್ಕೇ ಮೊದಲು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ ತೆರೆದು ಪ್ಯಾಕ್ಟಿಎಲ್ ಇನ್ಫೋ (pactl info) ಅನ್ನುವ ಕಮಾಂಡ್ ಕೊಡಿ. ಸರ್ವರ್ ಹೆಸರಿನ ಸಾಲಿನಲ್ಲಿ ಪೈಪ್‌ವೈರ್ ಅಂತ ಕಂಡರೆ ಹಳೆ ಸಲಹೆಗಳನ್ನೆಲ್ಲ ಪಕ್ಕಕ್ಕಿಡಿ. ಕನೆಕ್ಷನ್ ಆಗಲಿಲ್ಲ ಅಂತ ಬಂದರೆ ಸರ್ವರ್ರೇ ಮಲಗಿದೆ, ಐಕಾನ್ ಪಾಪ, ಅದರ ತಪ್ಪಿಲ್ಲ.

ನನ್ನಲ್ಲಿ ಸರ್ವರ್ ಚೆನ್ನಾಗೇ ಇತ್ತು. ಅಂದರೆ ಪಟ್ಟಿಯದೇ ಕಿತಾಪತಿ. ಟರ್ಮಿನಲ್‌ನಲ್ಲಿ ಎಕ್ಸ್‌ಎಫ್‌ಸಿಇ4 ಹೈಫನ್ ಪ್ಯಾನೆಲ್, ಒಂದು ಸ್ಪೇಸ್, ಮತ್ತೆ ಹೈಫನ್, ಆರ್, ಎಲ್ಲ ಚಿಕ್ಕ ಅಕ್ಷರದಲ್ಲಿ ಟೈಪ್ ಮಾಡಿದೆ (xfce4-panel -r). ಕೆಳಗಿನ ಪಟ್ಟಿ ಒಂದು ಕ್ಷಣ ಮಾಯವಾಗಿ ಮತ್ತೆ ಬಂತು, ಅಡ್ಡಗೀಟು ಹೋಗಿತ್ತು. ತೆರೆದಿದ್ದ ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಗಿರಾಕಿಯ ಅರ್ಜಿ ಅರ್ಧ ತುಂಬಿದ್ದರೂ ಹೆದರಬೇಡಿ. ಇದು ಸಾಲದಿದ್ದರೆ ಮುಂದಿನ ಹೆಜ್ಜೆ ಸರ್ವರ್ ರೀಸ್ಟಾರ್ಟ್. ಸಿಸ್ಟಮ್‌ಸಿಟಿಎಲ್‌ಗೆ ಯೂಸರ್ ಆಯ್ಕೆ ಕೊಟ್ಟು ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಮೂರನ್ನೂ ಒಟ್ಟಿಗೆ ರೀಸ್ಟಾರ್ಟ್ ಮಾಡಬೇಕು (systemctl --user restart pipewire pipewire-pulse wireplumber). ಮುಂದೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಬೇಡಿ. ಇವು ನಿಮ್ಮ ಲಾಗಿನ್‌ಗೆ ಸೇರಿದ ಸೇವೆಗಳು, ಇಡೀ ಸಿಸ್ಟಮ್‌ಗೆ ಅಲ್ಲ. ಓಡುತ್ತಿರುವ ಹಾಡು ಮಾತ್ರ ನಿಲ್ಲಬಹುದು, ಮತ್ತೆ ಪ್ಲೇ ಒತ್ತಿದರೆ ಆಯಿತು.

ಸರಿ ಹೋಯಿತು ಅಂದುಕೊಂಡರೆ ಮಾರನೇ ದಿನ ಬೆಳಗ್ಗೆ ಮತ್ತೆ ಅದೇ ಗೀಟು. ದಿನಾ ಅಲ್ಲ, ಆಗಾಗ. ಕಾದು ನೋಡಿದಾಗ ಒಂದು ವಿಷಯ ಗೊತ್ತಾಯಿತು: ಕಂಪ್ಯೂಟರ್ ಆನ್ ಮಾಡಿ ಲಾಗಿನ್ ಆದ ತಕ್ಷಣವೇ ಇದು ಆಗುವುದು, ಮಧ್ಯಾಹ್ನ ಒಂದು ಸಲವೂ ಆಗಿಲ್ಲ. ನನ್ನದು ಇನ್ನೂ ಹಳೆ ತಿರುಗುವ ಹಾರ್ಡ್‌ಡಿಸ್ಕ್. ಎಲ್ಲವೂ ಒಂದೇ ಸಲ ಎದ್ದೇಳುವಾಗ ಪಟ್ಟಿ ಮೊದಲು ಎದ್ದು ಸರ್ವರ್ ತಡವಾಗಿ ಎದ್ದರೆ ಪ್ಲಗಿನ್ ಕರೆದಾಗ ಆ ಕಡೆ ಯಾರೂ ಇರುವುದಿಲ್ಲ. ಸ್ವಲ್ಪ ಬಿಟ್ಟು ಅದೇ ಮತ್ತೆ ಸೇರಿಕೊಳ್ಳಬೇಕು, ಎಷ್ಟೋ ಸಲ ಸೇರಿಕೊಳ್ಳುತ್ತದೆ ಕೂಡ, ಆದರೆ ಕೆಲವು ಸಲ ಮುನಿಸಿಕೊಂಡು ಹಾಗೇ ಕೂರುತ್ತದೆ. ಇದಕ್ಕೆ ನಾನು ಮಾಡಿದ ಉಪಾಯ ಬಹಳ ಒರಟು. ಸೆಟ್ಟಿಂಗ್ಸ್‌ನಲ್ಲಿ ಸೆಷನ್ ಅಂಡ್ ಸ್ಟಾರ್ಟಪ್ ತೆರೆದು, ಆಟೋಸ್ಟಾರ್ಟ್ ಪಟ್ಟಿಯಲ್ಲಿ ಹೊಸದೊಂದು ಸಾಲು ಸೇರಿಸಿದೆ, ಹತ್ತು ಸೆಕೆಂಡ್ ಸುಮ್ಮನಿದ್ದು ಆಮೇಲೆ ಪ್ಯಾನೆಲ್ ರೀಸ್ಟಾರ್ಟ್ ಮಾಡು ಅಂತ. ಬಲ್ಲವರು ನೋಡಿ ನಗಬಹುದು. ಆವತ್ತಿನಿಂದ ಅಡ್ಡಗೀಟು ಕಂಡಿಲ್ಲ. ಎಸ್‌ಎಸ್‌ಡಿ ಹಾಕಿಸಿದರೆ ಈ ಸಾಲೂ ಬೇಕಾಗಲಿಕ್ಕಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಐಕಾನ್ ಎಲ್ಲ ಸರಿ ಇದೆ ಅಂತ ತೋರಿಸಿ ಸೌಂಡ್ ಬರದೇ ಇರುವುದು. ಕ್ಯಾತ್ಸಂದ್ರದ ಹುಡುಗನೊಬ್ಬ ಇಂಟರ್‌ವ್ಯೂಗೆ ಬಂದಿದ್ದ. ಇಸ್ತ್ರಿ ಶರ್ಟು, ಮೇಲೆ ಟೈ, ಕೆಳಗೆ ಟ್ರ್ಯಾಕ್ ಪ್ಯಾಂಟು. ಆಗ ತಾನೇ ಕರೆಂಟ್ ಹೋಗಿ ಬಂದಿತ್ತು. ಸಿಪಿಯು ಯುಪಿಎಸ್ ಮೇಲೆ ನಿಂತಿತ್ತು, ಮಾನಿಟರ್ ಮಾತ್ರ ಆಫ್ ಆಗಿ ಆನ್ ಆಯಿತು. ಇಂಟರ್‌ವ್ಯೂ ಮಾಡುವವರ ಬಾಯಿ ಆಡುತ್ತಿದೆ, ಸದ್ದಿಲ್ಲ. ಐಕಾನ್ ನೋಡಿದರೆ ಮೂರು ಗೆರೆ, ನೂರಕ್ಕೆ ನೂರು. ಸ್ಲೈಡರ್ ಎಳೆದರೆ ಮೇಲೆ ಕೆಳಗೆ ಚೆನ್ನಾಗಿ ಓಡುತ್ತದೆ. "ಅಂಕಲ್, ಕೇಳಿಸ್ತಿಲ್ಲ, ಕೇಳಿಸ್ತಿಲ್ಲ" ಅಂತ ಹುಡುಗ ಬೆವರುತ್ತಿದ್ದಾನೆ. ಅವನ ಮೊಬೈಲ್‌ನಲ್ಲೇ ಮೀಟಿಂಗ್‌ಗೆ ಸೇರಿಸಿ ಆ ಹೊತ್ತಿಗೆ ಪಾರು ಮಾಡಿದೆವು, ನಂತರ ಕೂತು ನೋಡಿದೆ.

ಕಾರಣ ಎಚ್‌ಡಿಎಂಐ. ಈ ಕೇಬಲ್ ಚಿತ್ರದ ಜೊತೆ ಸೌಂಡನ್ನೂ ಒಯ್ಯುತ್ತದೆ. ನನ್ನ ಮಾನಿಟರ್‌ನಲ್ಲಿ ಸ್ಪೀಕರ್ರೇ ಇಲ್ಲ, ಆದರೂ ಕಂಪ್ಯೂಟರ್ ಲೆಕ್ಕದಲ್ಲಿ ಅದೂ ಒಂದು ಸೌಂಡ್ ಸಾಧನ. ಮಾನಿಟರ್ ಆಫ್ ಆಗಿ ಆನ್ ಆದಾಗ ಅದು ಹೊಸದಾಗಿ ಬಂದಂತೆ ಕಂಡು, ಸದ್ದೆಲ್ಲ ಆ ಕಡೆ ಹರಿಯಿತು. ಐಕಾನ್ ತೋರಿಸುತ್ತಿದ್ದ ನೂರು ಸುಳ್ಳಲ್ಲ, ಅದು ಇಲ್ಲದ ಸ್ಪೀಕರ್‌ನ ನೂರು! ಸರಿ ಮಾಡಲು ಐಕಾನ್ ಕ್ಲಿಕ್ ಮಾಡಿ ಕೆಳಗಿನ ಆಡಿಯೊ ಮಿಕ್ಸರ್ ಒತ್ತಿ. ಪಾವುಕಂಟ್ರೋಲ್ ಅನ್ನುವ ಕಿಟಕಿ ತೆರೆಯುತ್ತದೆ. ಔಟ್‌ಪುಟ್ ಡಿವೈಸಸ್ ಅನ್ನುವ ಕಡೆ ಅನಲಾಗ್ ಸ್ಟೀರಿಯೊ ಪಕ್ಕದ ಹಸಿರು ಟಿಕ್ ಒತ್ತಿದರೆ ಅದು ಮುಖ್ಯ ಸಾಧನ ಆಗುತ್ತದೆ. ಮತ್ತೆ ಮತ್ತೆ ಜಾರುತ್ತಿದ್ದರೆ ಕೊನೆಯ ಕಾನ್ಫಿಗರೇಷನ್ ಟ್ಯಾಬ್‌ಗೆ ಹೋಗಿ. ಕೆಲವು ಮೆಷಿನ್‌ನಲ್ಲಿ ಎಚ್‌ಡಿಎಂಐ ಬೇರೆ ಕಾರ್ಡ್ ಆಗಿ ಕಾಣುತ್ತದೆ, ಅದರ ಪ್ರೊಫೈಲ್ ಆಫ್ ಮಾಡಿಬಿಡಿ. ಕೆಲವದರಲ್ಲಿ ಎರಡೂ ಒಂದೇ ಕಾರ್ಡ್‌ನಲ್ಲಿರುತ್ತವೆ, ಅಲ್ಲಿ ಅನಲಾಗ್ ಸ್ಟೀರಿಯೊ ಡುಪ್ಲೆಕ್ಸ್ ಆರಿಸಿ. ಡುಪ್ಲೆಕ್ಸ್ ಅಂದರೆ ಮೈಕೂ ಸೇರಿ. ಬರೀ ಔಟ್‌ಪುಟ್ ಆರಿಸಿದರೆ ಸೌಂಡ್ ಬರುತ್ತದೆ, ಮೈಕ್ ಹೋಗುತ್ತದೆ, ಆಗ ಇಂಟರ್‌ವ್ಯೂ ಹುಡುಗನ ಗತಿ ಗೋವಿಂದ.

ಇನ್ನು ಚಿಲ್ಲರೆ ತೊಂದರೆಗಳು. ಐಕಾನ್ ಇರುವ ಜಾಗ ಖಾಲಿ ಖಾಲಿ ಕಂಡರೆ ಅದು ಸೌಂಡ್ ವಿಷಯವೇ ಅಲ್ಲ, ಐಕಾನ್ ಥೀಮ್‌ನಲ್ಲಿ ಆ ಚಿತ್ರ ಇಲ್ಲ ಅಂತ. ನಮ್ಮಕ್ಕನ ಮಗ ರಜೆಗೆ ಬಂದವನು ಅಂದ ಮಾಡುತ್ತೇನೆ ಅಂತ ಯಾವುದೋ ಬಣ್ಣದ ಥೀಮ್ ಹಾಕಿ ಹೋಗಿದ್ದ. ಅಪಿಯರೆನ್ಸ್ ಸೆಟ್ಟಿಂಗ್‌ನಲ್ಲಿ ಹಳೆಯದನ್ನೇ ಆರಿಸಿದರೆ ಸಾಕು. ಐಕಾನ್ ಪೂರ್ತಿ ಕಾಣೆಯಾಗಿದ್ದರೆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸ ಐಟಂ ಸೇರಿಸುವ ಕಡೆಯಿಂದ ಪಲ್ಸ್‌ಆಡಿಯೊ ಪ್ಲಗಿನ್ ಮತ್ತೆ ಹಾಕಿಕೊಳ್ಳಿ. ಕೀಬೋರ್ಡ್ ಕೀ ಒಂದು ಸಲ ಒತ್ತಿದರೆ ವಾಲ್ಯೂಮ್ ಎರಡು ಮೆಟ್ಟಿಲು ಹಾರುತ್ತಿದ್ದರೆ ಆ ಕೀಗೆ ಇಬ್ಬರು ಕಾವಲಿದ್ದಾರೆ ಅಂತ ಲೆಕ್ಕ. ಪ್ಲಗಿನ್ ಒಂದು, ಹಳೆ ವಾಲ್ಯೂಮ್‌ಡಿ ಪ್ರೋಗ್ರಾಂ ಇನ್ನೊಂದು. ವಾಲ್ಯೂಮ್‌ಡಿ ತೆಗೆಯಿರಿ. ಇನ್ನು, ಮೇಲ್ಗಡೆ ಎಲ್ಲ ಸರಿ ಇದ್ದು, ಸರಿಯಾದ ಸಾಧನ ಆರಿಸಿದ್ದು, ಆದರೂ ಸದ್ದಿಲ್ಲ ಅಂದರೆ ತಳಕ್ಕೆ ಇಳಿದು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ತೆರೆದು ನೋಡಿ. ಯಾವುದಾದರೂ ಕಂಬದ ಕೆಳಗೆ ಎಂಎಂ ಅಂತಿದ್ದರೆ ಅದು ಮ್ಯೂಟ್, ಎಂ ಒತ್ತಿದರೆ ತೆರೆಯುತ್ತದೆ. ಅಲ್ಲಿ ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿಕೊಳ್ಳುವುದನ್ನು ಮರೆಯಬೇಡಿ.

ನನ್ನ ಸಿಟ್ಟು ಏನಂದರೆ, ಮ್ಯೂಟ್ ಆಗಿದೆ ಅನ್ನುವುದಕ್ಕೂ ಸರ್ವರ್ ಸಿಗುತ್ತಿಲ್ಲ ಅನ್ನುವುದಕ್ಕೂ ಈ ಐಕಾನ್ ಒಂದೇ ಥರದ ಮುಖ ತೋರಿಸುತ್ತದೆ. ಮೌಸ್ ಅದರ ಮೇಲೆ ಇಟ್ಟು ಕಾದರೆ ಪಲ್ಸ್‌ಆಡಿಯೊ ಸರ್ವರ್‌ಗೆ ಸಂಪರ್ಕ ಇಲ್ಲ ಅನ್ನುವ ಅರ್ಥದ ಒಂದು ಸಣ್ಣ ಇಂಗ್ಲಿಷ್ ಸಾಲು ಬರುತ್ತದೆ ನಿಜ. ಅಂಗಡಿ ಹುಡುಗಿ ಅದನ್ನು ಯಾಕೆ ಕಾದು ಓದುತ್ತಾಳೆ? ಅಡ್ಡಗೀಟು ಕಂಡರೆ ಯಾರಾದರೂ ಮ್ಯೂಟ್ ಅಂತಲೇ ತಿಳಿಯುತ್ತಾರೆ. ರಿಪೇರಿಯವರೂ ಹಾಗೇ ಮೋಸ ಹೋಗಿದ್ದು. ಅಲ್ಲೊಂದು ಪ್ರಶ್ನೆ ಗುರುತು ಹಾಕಿದ್ದರೆ ಸಾಕಿತ್ತು. ಹಾಗೆಯೇ ಐಕಾನ್ ಪಕ್ಕ ಸ್ಪೀಕರ್ರಾ, ಎಚ್‌ಡಿಎಂಐ ಆ, ಬ್ಲೂಟೂತಾ ಅಂತ ಒಂದು ಚಿಕ್ಕ ಗುರುತು ಕಂಡರೆ ಆ ಹುಡುಗ ಬೆವರುತ್ತಿರಲಿಲ್ಲ. ಎಕ್ಸ್‌ಎಫ್‌ಸಿಇಗೆ ತನ್ನದೇ ಗಿಟ್‌ಲ್ಯಾಬ್ ಇದೆ, ಯಾರು ಬೇಕಾದರೂ ಅಲ್ಲಿ ತೊಂದರೆ ಬರೆದು ಹಾಕಬಹುದು. ಇಂಗ್ಲಿಷ್ ಬರೆಯಬೇಕಲ್ಲ ಅಂತ ನಾನು ಮುಂದೂಡುತ್ತಾ ಬಂದಿದ್ದೇನೆ, ಇಂಟರ್‌ವ್ಯೂ ಹುಡುಗರಲ್ಲೇ ಯಾರನ್ನಾದರೂ ಹಿಡಿಯಬೇಕು.

ಸರಿ ಇರುವಾಗ ಇದೇ ಐಕಾನ್ ಎಷ್ಟು ಅನುಕೂಲ ಅಂತಲೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಮೌಸ್ ಅದರ ಮೇಲಿಟ್ಟು ಚಕ್ರ ತಿರುಗಿಸಿದರೆ ವಾಲ್ಯೂಮ್ ಏರುತ್ತದೆ, ಇಳಿಯುತ್ತದೆ, ಯಾವ ಕಿಟಕಿಯೂ ತೆರೆಯಬೇಕಿಲ್ಲ. ಮಿಕ್ಸರ್‌ನಲ್ಲಿ ಒಂದೊಂದು ಪ್ರೋಗ್ರಾಂನ ಸದ್ದೂ ಬೇರೆ ಬೇರೆ. ಬ್ರೌಸರ್ ಬಾಯಿ ಮುಚ್ಚಿಸಿ ಮೇಷ್ಟ್ರ ರೆಕಾರ್ಡಿಂಗ್ ಮಾತ್ರ ಜೋರು ಮಾಡಬಹುದು. ನೂರರ ಮೇಲೂ ಹೋಗುತ್ತದೆ, 153ರವರೆಗೆ. ಹಳ್ಳಿ ರಂಗಮಂದಿರದ ಮೂಲೆಯಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದ ಹಾಡಿಗೆ ಇದು ಬೇಕೇ ಬೇಕು. ಸ್ವಲ್ಪ ಒಡೆದ ದನಿ ಬರುತ್ತದೆ, ಆದರೆ ಸಾಹಿತ್ಯ ಕೇಳಿಸುತ್ತದೆ. ಮೇಷ್ಟ್ರಿಗೆ ಅಷ್ಟು ಸಾಕು.

ಬ್ಲೂಟೂತ್ ಹೆಡ್‌ಸೆಟ್ ಬಗ್ಗೆ ಒಂದು ಎಚ್ಚರಿಕೆ. ಮೈಕ್ ಆನ್ ಆದ ತಕ್ಷಣ ಸೌಂಡ್ ಹಳೆ ಲ್ಯಾಂಡ್‌ಲೈನ್ ಥರ ಆಗುತ್ತದೆ, ಐಕಾನ್ ಏನೂ ಹೇಳುವುದಿಲ್ಲ. ಇದು ಎಕ್ಸ್‌ಎಫ್‌ಸಿಇ ತಪ್ಪಲ್ಲ, ಮಾಮೂಲಿ ಬ್ಲೂಟೂತ್‌ನಲ್ಲಿ ಒಳ್ಳೆ ಸೌಂಡ್‌ಗೆ ಒಂದು ಪ್ರೊಫೈಲ್, ಮೈಕ್ ಬೇಕಾದರೆ ಇನ್ನೊಂದು. ಇಂಟರ್‌ವ್ಯೂಗೆ ವೈರ್ ಇರುವ ಇಯರ್‌ಫೋನ್ ತನ್ನಿ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ.

ಯಾರಿಗೆ ಬೇಡ ಅಂದರೆ, ಟ್ಯಾಲಿ ಅಥವಾ ನುಡಿ ಮೇಲೆಯೇ ಅಂಗಡಿ ನಡೆಸುವವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಅವು ವಿಂಡೋಸ್‌ಗೆ ಅಂತ ಮಾಡಿದವು, ಇಲ್ಲಿ ಒದ್ದಾಟ ಜಾಸ್ತಿ. ಬ್ರೌಸರ್, ಪ್ರಿಂಟ್, ಲಿಬ್ರೆಆಫೀಸ್, ಹಾಡು, ಇಷ್ಟೇ ಕೆಲಸ ಇರುವವರು ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ. ತುಮಕೂರಿನವರಾದರೆ 8 ಜಿಬಿ ಪೆನ್‌ಡ್ರೈವ್ ತಂದರೆ ನಾನೇ ಹಾಕಿಕೊಡುತ್ತೇನೆ, ದುಡ್ಡು ಬೇಡ. ಸಂಜೆ ಐದರ ಮೇಲೆ ಬನ್ನಿ, ಬೆಳಗ್ಗೆ ಅರ್ಜಿಯವರ ರಶ್ ಇರುತ್ತದೆ.